ಇಂಚಿಗೊಂದು ಅಡಿ

ಬೆಳಗಿನ ಐದೂವರೆ. ಕಟ್ಟೆಮಳಲವಾಡಿಯ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಕಂಠಪ್ಪ ಒಂದು ಗಾಲಿಕುರ್ಚಿಯನ್ನು ಬೋರಲು ಹಾಕಿಕೊಂಡು ಅದರ ಅಡ್ಡಪೈಪನ್ನು ಗರಗಸದಲ್ಲಿ ಕುಯ್ಯುತ್ತಿದ್ದಾರೆ. ಕರೆಂಟು ಬಂದಿಲ್ಲ. ಬರುವವರೆಗೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ನಾಲ್ಕು ಸಲ ಗರಗಸ ಎಳೆಯುತ್ತಾರೆ, ಎದ್ದು ಹೋಗಿ ವೆಲ್ಡಿಂಗ್ ಮೆಷಿನ್ನಿನ ಸ್ವಿಚ್ಚು ಹಾಕಿ ನೋಡುತ್ತಾರೆ, ಬಂದು ಮತ್ತೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇದೆ. ತೆಗೆದು ಹೆಸರು ನೋಡಿ ವಾಪಸ್ಸು ಕಿಸೆಗೆ ಹಾಕುತ್ತಾರೆ. ಪತ್ರಿಕೆಗೆ ಅವರ ಬಗ್ಗೆ ಬರೆಯಲೆಂದು ನಾನು ಬಂದು ಅರ್ಧ ಗಂಟೆಯಾಗಿದೆ. "ಕುಂತ್ಕಳಿ ಮೇಡಮ್" ಎಂದು ಮೂರು ಸಲ ಹೇಳಿದ್ದಾರೆ. ಊರೆಲ್ಲರ ಕುರ್ಚಿ ಸರಿಮಾಡುವವರ ಶೆಡ್ಡಿನಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ ಎಂಬುದು ಅವರ ಗಮನಕ್ಕೆ ಇನ್ನೂ ಬಂದಿಲ್ಲ.

"ಬ್ಯಾರನ್ನೋರು ಮೇಡಮ್," ಎನ್ನುತ್ತಾರೆ ಫೋನಿನ ಬಗ್ಗೆ. "ಪೈಪ್ ಯಾವಾಗ ಕೊಡ್ತೀಯ ಅಂತಾರೆ. ಏನ್ ಯೋಳ್ಲಿ? ಸೋಮ್ವಾರ ಕಳೀಲಿ ಅಂದ್ರೆ ಅವ್ರಿಗೆ ಅರ್ಥ ಆಯ್ತದಾ?"

ಇದು ಜೂನ್ ತಿಂಗಳ ಒಂದು ಗುರುವಾರ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಕಾಲ. ಇನ್ನೊಂದು ತಿಂಗಳಿಗೆ ಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಉರಿ ಹಾಕಬೇಕು. ಅಷ್ಟರೊಳಗೆ ಬ್ಯಾರನ್ನಿನ ಒಳಗೆ ಬಿಸಿ ಹರಿಯುವ ತಗಡಿನ ಪೈಪುಗಳು ರಿಪೇರಿಯಾಗಿರಬೇಕು. ಐವತ್ನಾಲ್ಕು ವರ್ಷದ ಕಂಠಪ್ಪನವರ ಕಸುಬು ಅದೇ, ಈ ಪೈಪು ಮಾಡುವುದು. ಅವರ ಮನೆಯ ವರ್ಷದ ಅನ್ನ ಈ ಎರಡು ತಿಂಗಳಲ್ಲೇ ಹುಟ್ಟಬೇಕು. ಆದರೆ ಹತ್ತು ದಿನದಿಂದ ಪೈಪುಗಳ ರಾಶಿ ಶೆಡ್ಡಿನ ಮೂಲೆಯಲ್ಲಿ ಹಾಗೇ ಬಿದ್ದಿದೆ.

ಕಾರಣ ಸುಕನ್ಯ. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯ ಇಪ್ಪತ್ತಾರು ವರ್ಷದ ಯುವತಿ. ಊರಿನ ಹೆಸರು ಹಾಕಬೇಡಿ ಎಂದು ಅಲ್ಲಿನ ಹಾಲಿನ ಡೈರಿಯ ಅಧ್ಯಕ್ಷರು ಕೇಳಿಕೊಂಡಿದ್ದಾರೆ, ಯಾಕೆಂದು ಆಮೇಲೆ ಹೇಳುತ್ತೇನೆ. ಸುಕನ್ಯ ಹದಿನಾರನೇ ವಯಸ್ಸಿನಲ್ಲಿ ಹುಲ್ಲಿನ ಮೆದೆಯ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡರು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಈಗ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಅವರ ಹೆಸರು ಬಂದಿದೆ. ಷರತ್ತು ಒಂದೇ. ಸೋಮವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ, ಯಾರೂ ಹೊತ್ತು ತರದೆ, ಯಾರೂ ತಳ್ಳದೆ, ತಾವೇ ಬಂದು ಮೆಷಿನ್ನಿನ ಮುಂದೆ ಕೂರಬೇಕು. ಬಂದರೆ ಕೆಲಸ ಅವರದು. ಬಾರದಿದ್ದರೆ ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ.

ಅವರ ಮಂಚಕ್ಕೂ ಆ ಮೆಷಿನ್ನಿಗೂ ನಡುವೆ ಇರುವುದು ಮುನ್ನೂರು ಗಜ ದಾರಿ. ನೀವೂ ನಾನೂ ಬಾಯಿ ಮುಕ್ಕಳಿಸುತ್ತಾ ನಡೆದುಬಿಡಬಹುದು. ಸುಕನ್ಯ ಅವರ ಲೆಕ್ಕದಲ್ಲಿ ಅದು ಐದು ಇಂಚಿನ ಹೊಸ್ತಿಲು, ಹದಿನಾಲ್ಕು ಇಂಚಿನ ಜಗಲಿ, ಡೈರಿಯ ಮೂರು ಮೆಟ್ಟಿಲು. ಈ ಹತ್ತು ವರ್ಷ ಹೊರಗೆ ಹೋಗಬೇಕಾದಾಗಲೆಲ್ಲ ತಾಯಿ ಕುರ್ಚಿಯ ಮುಂದಿನ ಗಾಲಿ ಎತ್ತಿ ಹೊಸ್ತಿಲು ದಾಟಿಸಬೇಕಿತ್ತು. ತಾಯಿ ಈಗ ಕೂಲಿಗೆ ಹೋಗುವ ಟೆಂಪೊ ಊರು ಬಿಡುವುದು ಬೆಳಿಗ್ಗೆ ಐದಕ್ಕೆ.

ಕಂಠಪ್ಪ ಈ ಕೆಲಸಕ್ಕೆ ಬಿದ್ದದ್ದು ಒಂಬತ್ತು ವರ್ಷದ ಹಿಂದೆ. ಪರಿಚಯದವರೊಬ್ಬರು ಹೊಚ್ಚಹೊಸ ಗಾಲಿಕುರ್ಚಿಯೊಂದನ್ನು ತಂದು, ಇದರ ಚಕ್ರ ಬಿಚ್ಚಿ ಔಷಧಿ ಹೊಡೆಯುವ ಪಂಪಿಗೆ ಹಾಕಿಕೊಡು ಎಂದರಂತೆ. ಕುರ್ಚಿ ಯಾರದು ಎಂದು ಕೇಳಿದರೆ, ಅಪ್ಪನದು, ಶಿಬಿರದಲ್ಲಿ ಕೊಟ್ಟರು, ಮನೆಯೊಳಕ್ಕೆ ಹೋಗಲ್ಲ ಎಂದರಂತೆ. ಕಂಠಪ್ಪ ಚಕ್ರ ಬಿಚ್ಚಲಿಲ್ಲ. ಅವರ ಹಿಂದೆಯೇ ಮನೆಗೆ ಹೋದರು.

"ಓಗಿ ನೋಡ್ತೀನಿ, ಬಾಗ್ಲು ಇಪ್ಪತ್ತೈದು ಇಂಚು, ಕುರ್ಚಿ ಇಪ್ಪತ್ತೇಳು. ಆ ಯಜಮಾನ್ರು ಒಳಗೆ ಗೋಡೆ ನೋಡ್ಕಂಡು ಮನಗವ್ರೆ, ಕುರ್ಚಿ ಈಚೆ ಬಿಸ್ಲಲ್ಲಿ ನಿಂತದೆ. ಎರಡು ಇಂಚು ಮೇಡಮ್. ಎರಡು ಇಂಚಿಗೆ ಒಬ್ಬ ಮನುಷ್ಯ ಮೂಲೆ ಸೇರದಾ? ಬಾಗ್ಲು ಒಡಿಯಾಕೆ ಅವ್ರ ಕೈಲಿ ಆಗಾಕಿಲ್ಲ. ಕುರ್ಚಿ ಕುಯ್ಯಾಕೆ ನನ್ ಕೈಲಿ ಆಯ್ತದೆ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಮ್ಮ ಶಿಬಿರಗಳವರು ಬಹಳ ಮನಸ್ಸಿಗೆ ತೆಗೆದುಕೊಂಡಿದ್ದಾರೆ. ಎಲ್ಲರಿಗೂ ಒಂದೇ ಅಳತೆಯ ಕುರ್ಚಿ. ವೇದಿಕೆ, ಹೂವಿನ ಹಾರ, ಕುರ್ಚಿಯ ಹಿಡಿಕೆಗೆ ಗಣ್ಯರ ಕೈ, ಒಂದು ಫೋಟೊ. ಆಮೇಲೆ ಆ ಕುರ್ಚಿ ಯಾವ ಬಾಗಿಲಲ್ಲಿ ಸಿಕ್ಕಿಕೊಂಡಿತು ಎಂದು ಯಾರೂ ಹೋಗಿ ನೋಡುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಅಂಥ ಫೋಟೊಗಳ ಕೆಳಗೆ ಎರಡು ಸಾಲು ಬರೆದವರಲ್ಲಿ ನಾನೂ ಒಬ್ಬಳು, ಹಾಗಾಗಿ ಸಿಟ್ಟು ಅರ್ಧ ನನ್ನ ಮೇಲೆಯೇ. ಕಂಠಪ್ಪನವರದು ಗಾದೆಯ ಉಲ್ಟಾ ವ್ಯವಹಾರ, ಕಾಲಿದ್ದಷ್ಟು ಹಾಸಿಗೆ.

ಅವರು ಅಳತೆ ತೆಗೆಯುವುದು ಸುತ್ಲಿ ದಾರದಲ್ಲಿ. ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಪೋಣಿಸಿ ಕಟ್ಟುತ್ತಾರಲ್ಲ, ಅದೇ ಸೆಣಬಿನ ದಾರ. ಓದಿದ್ದು ನಾಲ್ಕನೇ ಕ್ಲಾಸು, ಅರ್ಧ ಇಂಚು ಕಾಲು ಇಂಚು ಬರೆದಿಟ್ಟರೆ ಆಮೇಲೆ ತಮಗೇ ಗೊಂದಲವಾಗುತ್ತದಂತೆ. ಒಬ್ಬರಿಗೆ ಒಂದು ದಾರ. ಬಾಗಿಲ ಅಗಲಕ್ಕೆ ಒಂದು ಗಂಟು, ಹೊಸ್ತಿಲಿಗೊಂದು, ಕೂತಾಗ ಸೊಂಟದ ಅಗಲಕ್ಕೊಂದು, ಮಂಡಿಯಿಂದ ಹಿಮ್ಮಡಿಗೊಂದು, ಕೈ ಚಾಚಿದರೆ ಎಲ್ಲಿಗೆ ಸಿಗುತ್ತದೋ ಅಲ್ಲಿಗೊಂದು. ಕೆಲಸ ಮುಗಿದ ಮೇಲೆ ದಾರವನ್ನು ತೊಲೆಗೆ ಕಟ್ಟುತ್ತಾರೆ. ಎಷ್ಟು ಜನಕ್ಕೆ ಮಾಡಿಕೊಟ್ಟಿದ್ದೀರಿ ಎಂದರೆ ಅವರಿಗೆ ಗೊತ್ತಿಲ್ಲ. ನಾನೇ ತಲೆ ಎತ್ತಿ ಕತ್ತು ನೋಯಿಸಿಕೊಂಡು ಎಣಿಸಿದೆ, ನೂರ ನಲವತ್ಮೂರು ದಾರಗಳಿವೆ.

ಎಲ್ಲ ದಾರಗಳೂ ಕುರ್ಚಿಯವಲ್ಲ. ಚುಂಚನಕಟ್ಟೆಯ ಗದ್ದೆಯವರೊಬ್ಬರ ಊರುಗೋಲು ಕೆಸರಿಗಿಳಿದರೆ ಮೊಳದಷ್ಟು ಹೂತುಹೋಗುತ್ತಿತ್ತು, ಅದರ ತುದಿಗೆ ಲಾರಿ ಟೈರು ಕೊಯ್ದು ಅಂಗೈಯಗಲದ ಪಾದ ಹಾಕಿಕೊಟ್ಟಿದ್ದಾರೆ. ಪಿರಿಯಾಪಟ್ಟಣದ ಹತ್ತಿರ ಒಂದೇ ಕೈಯಲ್ಲಿ ಸೊಪ್ಪು ವಿಂಗಡಿಸುವ ಹೆಂಗಸೊಬ್ಬರಿಗೆ ಕಾಲಿನಿಂದ ಒತ್ತಿದರೆ ಕಟ್ಟನ್ನು ಹಿಡಿದುಕೊಳ್ಳುವ ಚಿಮುಟ ಮಾಡಿದ್ದಾರೆ. ಎಚ್.ಡಿ. ಕೋಟೆ ಕಡೆ ಕಣ್ಣು ಕಾಣದ ಹಿರಿಯರೊಬ್ಬರ ಮನೆಯಲ್ಲಿ ಹಿತ್ತಿಲ ಬಾಗಿಲಿಂದ ಕಕ್ಕಸಿನವರೆಗೆ ಹಗ್ಗ ಕಟ್ಟಿ, ಕಲ್ಲು ಎಡವುವ ಜಾಗಕ್ಕೆ ಸರಿಯಾಗಿ ಗಂಟು ಹಾಕಿದ್ದಾರೆ. ಇದಕ್ಕೆಲ್ಲ ದೊಡ್ಡ ಊರುಗಳಲ್ಲಿ ಓದಿದವರು ಇಟ್ಟ ದೊಡ್ಡ ಹೆಸರುಗಳಿವೆಯಂತೆ, ಹುಣಸೂರಿಗೆ ಬಂದಿದ್ದ ಒಬ್ಬ ಎಂಜಿನಿಯರು ಹೇಳಿದರಂತೆ. ಆ ಹೆಸರುಗಳನ್ನು ಕಂಠಪ್ಪ ಮರೆತಿದ್ದಾರೆ. ಆ ಎಂಜಿನಿಯರು ಹೇಳಿದ ಒಂದು ಲೆಕ್ಕ ಮಾತ್ರ ಮರೆತಿಲ್ಲ.

"ಇಂಚಿಗೊಂದು ಅಡಿ. ಒಂದು ಇಂಚು ಎತ್ರ ಏರಬೇಕು ಅಂದ್ರೆ ಒಂದು ಅಡಿ ಉದ್ದ ಇಳಿಜಾರು ಬೇಕು. ಅದ್ಕಿಂತ ಕಡ್ಮೆ ಕೊಟ್ರೆ ತಳ್ಳೋರು ಬೇಕಾಯ್ತಾರೆ. ತಳ್ಳೋರು ಬೇಕು ಅಂದ್ಮೇಲೆ ನಾನ್ಯಾಕೆ ಬೇಕು?"

ಹೆಂಡತಿ ರಾಧಾ ಕಾಫಿ ತರುತ್ತಾರೆ. ಕುರ್ಚಿಗಳ ಮೆತ್ತೆ ಹೊಲಿಯುವವರು ಅವರೇ. ಗೋಣಿತಾಟನ್ನು ನಾಲ್ಕು ಮಡಿಕೆ ಮಡಿಚಿ, ಅಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಹೆಣೆಯುತ್ತಾರೆ, ಹೊತ್ತೆಲ್ಲ ಕೂತರೂ ಹುಣ್ಣಾಗದಂತೆ. "ಇವ್ರ ಕಾಲಿಗೆ ಚಕ್ರ ಕಟ್ಟದೆ ಕಣ್ರೀ," ಎನ್ನುತ್ತಾರೆ. "ಉಣ್ಣಾಕೆ ಕುಂತ್ರೂ ಮೂರು ಸಲ ಎದ್ದೇಳ್ತಾರೆ. ಈ ವಾರವಂತೂ ನಿದ್ದೇಲೂ ಅಳತೆ ತಗೀತವ್ರೆ." ಕಂಠಪ್ಪ ಲೋಟ ಹಿಡಿದುಕೊಂಡೇ ಎದ್ದು ಸ್ವಿಚ್ಚು ನೋಡಲು ಹೋಗುತ್ತಾರೆ. ಸ್ವಿಚ್ಚಿನ ಪಕ್ಕದ ಮೊಳೆಗೆ ಒಂದೇ ಒಂದು ದಾರ ಬೇರೆಯಾಗಿ ನೇತಾಡುತ್ತಿದೆ. ಇದು ಯಾಕೆ ತೊಲೆಗೆ ಕಟ್ಟಿಲ್ಲ ಎಂದು ಕೇಳಿದೆ. ರಾಧಾ ನನ್ನ ಮುಖ ನೋಡಿ ಒಳಗೆ ಹೋದರು.

ಆ ದಾರ ಸುಕನ್ಯ ಅವರದು, ನಾಲ್ಕು ವರ್ಷದ ಹಿಂದಿನದು. ಆಗ ಸುಕನ್ಯ ಅವರ ಜಗಲಿಗೆ ಕಂಠಪ್ಪ ಒಂದು ಕಬ್ಬಿಣದ ಹಲಗೆ ಮಾಡಿಕೊಟ್ಟಿದ್ದರು. ಹಲಗೆಯ ಕೆಳತುದಿ ಚರಂಡಿಯಾಚೆಯ ಕಲ್ಲಿಗೆ ಒರಗಬೇಕು, ಮೇಲ್ತುದಿಯ ತುಟಿ ಜಗಲಿಯ ಅಂಚಿನ ಮೇಲೆ ಕೂರಬೇಕು. ಐದು ಅಡಿಯ ಹಲಗೆ, ಕಡಿದಾದದ್ದು, ಆದರೆ ಆಗ ತಳ್ಳಲು ತಾಯಿ ಇದ್ದರು. ಅಳತೆ ತೆಗೆದದ್ದು ಜುಲೈ ತಿಂಗಳಲ್ಲಿ.

"ಮಳೇಲಿ ಗಾಡಿ ಓಡಿಸ್ಕಂಡು ಬಂದೆ," ಕಂಠಪ್ಪ ಹೇಳುವಾಗ ನನ್ನ ಕಡೆ ನೋಡುವುದಿಲ್ಲ, ಗರಗಸದ ಹಲ್ಲು ಸವರುತ್ತಿರುತ್ತಾರೆ. "ದಾರ ಕಿಸೇಲಿತ್ತು, ನೆಂದೋಗಿತ್ತು. ಬಂದವ್ನೇ ಅದೇ ದಾರ ಹಿಡ್ದು ಕಬ್ಬಿಣ ಕುಯ್ದೆ. ನೆಂದ ಸುತ್ಲಿ ಕುಗ್ತದೆ ಮೇಡಮ್. ಸೊಪ್ಪು ಕಟ್ಟೋ ಎಂಗುಸ್ರಿಗೆಲ್ಲ ಗೊತ್ತು ಅದು. ಚಿಕ್ಕಂದಿಂದ ಆ ದಾರ ಮುಟ್ಕಂಡು ಬೆಳ್ದಿರೋ ನಂಗೆ ಗೊತ್ತಿರ್ನಿಲ್ವಾ? ಗೊತ್ತಿತ್ತು. ಆವತ್ತು ಗ್ಯಾನಕ್ಕೆ ಬರ್ನಿಲ್ಲ."

ಹಲಗೆ ಎರಡು ಬೆರಳು ಗಿಡ್ಡವಾಯಿತು. ಜಗಲಿಯ ಅಂಚನ್ನು ಹಿಡಿದಂತೆ ಕಂಡಿತು, ಎರಡು ದಿನ ಹಿಡಿದೂ ಇತ್ತು. ಮೂರನೇ ದಿನ ತುಟಿ ಜಾರಿತು. ಸುಕನ್ಯ ಕುರ್ಚಿಯ ಸಮೇತ ಚರಂಡಿಗೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಐದು ವರ್ಷದಲ್ಲಿ ಗಳಿಸಿದ್ದ ನಂಬಿಕೆ ಅವತ್ತು ಬೆಳಿಗ್ಗೆ ಹೋಯಿತು. ಕೈಯಿಂದಲೇ ನಡೆಯುವವರಿಗೆ ಕೈ ಮುರಿದರೆ ಏನು ಉಳಿಯುತ್ತದೆ? ಸುಕನ್ಯ ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದರು. ಕೆ.ಆರ್. ನಗರಕ್ಕೆ ಹೋಗಿ ಕಲಿಯುತ್ತಿದ್ದ ಕಂಪ್ಯೂಟರ್ ತರಗತಿ ನಿಂತಿತು, ಮತ್ತೆ ಶುರುವಾಗಲಿಲ್ಲ. ಆಸ್ಪತ್ರೆಯ ಮುಂದೆ ಅವರ ಅಜ್ಜಿ ಚಿಕ್ಕಬಸಮ್ಮ ಕಂಠಪ್ಪನವರಿಗೆ ಒಂದೇ ಮಾತು ಹೇಳಿದರು, ನಮ್ಮ ಮನೆ ಕಡೆ ತಲೆ ಹಾಕಬೇಡ. ಅದೇ ಕೊನೆಯ ಮಾತು.

ಹೋದ ತಿಂಗಳು ಫೋನ್ ಮಾಡಿದ್ದು ಸುಕನ್ಯ. "ಕಂಠಣ್ಣ, ನಂಗೊಂದು ಕೆಲ್ಸ ಸಿಗೋ ಹಂಗದೆ. ನೀವು ಬರಬೇಕು," ಎಂದರಂತೆ. ಅವರನ್ನೇ ಯಾಕೆ ಕರೆದಿರಿ ಎಂದು ನಾನು ಸುಕನ್ಯ ಅವರನ್ನು ಕೇಳಿದ್ದೇನೆ. "ಬೇರೆಯೋರು ಬಂದ್ರೆ ನನ್ನ ಮೇಲಿಂದ ಕೆಳಗೆ ನೋಡಿ, ಪಾಪ ಅಂದು, ಅಮ್ಮನ ಹತ್ರ ಅಳತೆ ಕೇಳ್ತಾರೆ. ಕಂಠಣ್ಣ ನನ್ನೇ ಕೇಳ್ತಾರೆ. ತಪ್ಪು ಮಾಡಿದ್ರು, ನಿಜ. ಇನ್ನೊಂದ್ಸಲ ಆ ತಪ್ಪು ಮಾಡದೆ ಇರೋರು ಅಂದ್ರೆ ಅವರೊಬ್ರೇ ಅಲ್ವಾ?" ಎಂದರು.

ಶುಕ್ರವಾರ. ಸುಕನ್ಯ ಅವರ ಮನೆ. ಚಕ್ರ ತಿರುಗಿಸುವಾಗ ಕೈ ಬಾಗಿಲಿಗೆ ತಗುಲದಂತೆ ಅವರ ಕುರ್ಚಿ ಇಪ್ಪತ್ಮೂರೂವರೆ ಇಂಚಿಗೆ ಇಳಿದಿದೆ. ಜಗಲಿಯ ಹದಿನಾಲ್ಕು ಇಂಚಿಗೆ ಹದಿನಾಲ್ಕು ಅಡಿಯ ಇಳಿಜಾರು, ಮನೆಯ ಎಡಕ್ಕೆ ಸೌದೆ ಒಟ್ಟುತ್ತಿದ್ದ ಜಾಗದಲ್ಲಿ ಹೋದ ವಾರವೇ ಎದ್ದಿದೆ. ಕಲ್ಲು ಮಣ್ಣು ತುಂಬಿದ್ದು ತಾಯಿ ಮತ್ತು ನೆರೆಯವರು. ಕಾಂಕ್ರೀಟು ಹಸಿಯಿದ್ದಾಗ ಕಂಠಪ್ಪ ಕಡ್ಡಿಪೊರಕೆಯಲ್ಲಿ ಗೀರು ಎಳೆದಿದ್ದಾರೆ, ಮಳೆಗೆ ಜಾರದಿರಲಿ ಎಂದು. ಅಷ್ಟಕ್ಕೆ ಅಜ್ಜಿ ತಕರಾರು ಮಾಡಲಿಲ್ಲ, ಅದು ಮನೆಯ ಹೊರಗಿನ ವಿಷಯ. ಉಳಿದಿರುವುದು ಹೊಸ್ತಿಲು, ಅದು ಅಜ್ಜಿಯದು.

ಎಪ್ಪತ್ತೆಂಟರ ಚಿಕ್ಕಬಸಮ್ಮ ಅರಿಶಿನ ಕಲಸಿಕೊಂಡು ಹೊಸ್ತಿಲ ಮುಂದೆ ಕೂತಿದ್ದಾರೆ. ಶುಕ್ರವಾರ ಹೊಸ್ತಿಲ ಹತ್ತಿರ ಕಬ್ಬಿಣ, ಸುತ್ತಿಗೆ ತರುವ ಹಾಗಿಲ್ಲ. ಬೇರೆ ದಿನವೂ ಮೂರು ಕಟ್ಟಳೆ. ಹೊಸ್ತಿಲು ಕುಯ್ಯುವಂತಿಲ್ಲ, ಅದಕ್ಕೆ ಮೊಳೆ ಹೊಡೆಯುವಂತಿಲ್ಲ, ಅದನ್ನು ಮುಚ್ಚುವಂತಿಲ್ಲ. ಇದನ್ನು ಅವರು ಹೇಳುವ ರೀತಿ ನೋಡಬೇಕು. ಕಂಠಪ್ಪ ಎರಡು ಮಾರು ದೂರದಲ್ಲಿ ನಿಂತಿದ್ದಾರೆ, ಅಜ್ಜಿ ಮಾತಾಡುವುದು ಮೊಮ್ಮಗಳ ಜೊತೆ.

"ಸುಕನ್ಯಾ, ಅವನ್ಗೆ ಯೋಳು. ಒಸ್ಲು ಅಂದ್ರೆ ಲಕ್ಸ್ಮಿ. ನಾನು ಮದ್ವೆಯಾಗಿ ಬಂದಾಗಿಂದ ಒಂದು ಸುಕ್ರವಾರ ತಪ್ಪಿಸಿಲ್ಲ. ಅದ್ರ ಮೇಲೆ ಕಬ್ಬಿಣ ಇಕ್ಕಾಕೆ ನಾ ಬುಡಾಕಿಲ್ಲ ಅಂತ ಯೋಳು."

"ಅಜ್ಜಿ, ಅವ್ರು ಇಲ್ಲೇ ಅವ್ರೆ."

"ಇದ್ರೆ ಇರ್ಲಿ. ನೀನೇ ಯೋಳು."

ನನಗೆ ನಗುವೂ ಬಂತು, ಅಜ್ಜಿಯ ಮೇಲೆ ಸಿಟ್ಟೂ ಬಂತು. ಮೂರು ದಿನವಷ್ಟೇ ಉಳಿದಿದೆ, ಮೊಮ್ಮಗಳ ಬದುಕಿಗಿಂತ ಮರದ ತುಂಡು ದೊಡ್ಡದೇ ಎಂದು ಕೇಳಿಯೂಬಿಟ್ಟೆ. ಅಜ್ಜಿ ನನ್ನ ಪಟ್ಟಣದ ಚಪ್ಪಲಿ ನೋಡಿದರು, ಆಮೇಲೆ ಮುಖ ನೋಡಿದರು. "ಕೂಸು ಬಿದ್ದ ಸದ್ದು ನೀನು ಕೇಳಿದ್ಯೇನವ್ವ? ನಾನು ಕೇಳಿವ್ನಿ. ಇನ್ನೂ ಕಿವೀಲದೆ," ಎಂದರು. ಅವರು ಕಾಯುತ್ತಿರುವುದು ಹೊಸ್ತಿಲನ್ನಷ್ಟೇ ಅಲ್ಲ ಎಂದು ನನಗೆ ಆಗ ಹೊಳೆಯಿತು.

ಕಂಠಪ್ಪ ವಾದ ಮಾಡಲಿಲ್ಲ. ಕಟ್ಟಳೆಯ ಒಳಗೇ ದಾರಿ ಹುಡುಕಿದ್ದಾರೆ. ಎರಡು ಕಬ್ಬಿಣದ ಹಳಿ, ಒಂದೊಂದೂ ಅಂಗೈಯಷ್ಟು ಅಗಲ, ಗಾಲಿಗೆ ತಕ್ಕಷ್ಟು. ಒಳಗಿನ ನೆಲದಿಂದ ಎದ್ದು, ಹೊಸ್ತಿಲಿನ ಮೇಲೆ ಎರಡು ಬೆರಳು ಸಂದು ಬಿಟ್ಟು ಹಾದು, ಹೊರಗೆ ಜಗಲಿಗೆ ಇಳಿಯುತ್ತವೆ. ಬೋಲ್ಟು ಬೀಳುವುದು ಈಚೆ ನೆಲಕ್ಕೆ, ಆಚೆ ನೆಲಕ್ಕೆ. ಹಳಿಗಳ ನಡುವೆ ಹೊಸ್ತಿಲು ತೆರೆದೇ ಇರುತ್ತದೆ, ಅರಿಶಿನ ಹಚ್ಚಬಹುದು, ಹೂವಿಡಬಹುದು, ಮುಂದೆ ರಂಗೋಲಿ ಬಿಡಬಹುದು. ಇದನ್ನೂ ಸುಕನ್ಯ ಅವರೇ ಅಜ್ಜಿಗೆ ಹೇಳಿದರು. ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಉಳಿದ ಹೊತ್ತು ಡೈರಿಯಲ್ಲಿ ಕೆಲಸ. ಮೂರು ಮೆಟ್ಟಿಲ ಎತ್ತರ ಹದಿನೆಂಟು ಇಂಚು, ಪಕ್ಕದಲ್ಲಿ ಹದಿನೆಂಟು ಅಡಿಯ ಇಳಿಜಾರು ಸಿದ್ಧವಾಗಿದೆ. ಅದಕ್ಕೆ ಕೈಕಂಬಿ ಬಿಗಿದು, ಹಾಲು ಸುರಿಯುವ ಕಟ್ಟೆಯನ್ನು ಒಂದು ಅಡಿ ತಗ್ಗಿಸಿದರು. ಅಧ್ಯಕ್ಷ ದೊಡ್ಡಮಾದಯ್ಯ ಪಂಚೆ ಎತ್ತಿಕಟ್ಟಿ ಗೊಣಗುತ್ತಾ ನಿಂತಿದ್ದಾರೆ. ಮೊದಲಿಗೆ ಒಬ್ಬಳಿಗೋಸ್ಕರ ಡೈರಿಯನ್ನೇ ಕೆಡವಬೇಕಾ ಎಂದವರು ಅವರು. ಈಗ ಊರಿನ ಹೆಸರು ಹಾಕಬೇಡಿ ಎನ್ನುವವರೂ ಅವರೇ. "ಅಕ್ಕಪಕ್ಕದ ಊರೋರು ಓದಿದ್ರೆ ಕಂಠಪ್ಪನ್ನ ಎಳ್ಕಂಡೋಯ್ತಾರೆ. ನಮ್ ಸೊಸೈಟಿ ಕೆಲ್ಸ ಅರ್ಧಕ್ಕೆ ನಿಂತೋಯ್ತದೆ."

ಶನಿವಾರ ಬೆಳಗಿನಿಂದ ಜಡಿಮಳೆ. ಕರೆಂಟು ಇಲ್ಲವೇ ಇಲ್ಲ. ಹಳಿಗಳ ತುದಿ ಬೆಸೆಯಬೇಕು, ಬೆಸೆಯಲು ವೆಲ್ಡಿಂಗ್ ಬೇಕು. ಕಂಠಪ್ಪ ಶೆಡ್ಡಿನ ಒಳಗೆ ಅತ್ತಿಂದಿತ್ತ ನಡೆಯುತ್ತಾರೆ, ರಸ್ತೆಗಿಳಿದು ಆಕಾಶ ನೋಡುತ್ತಾರೆ, ಲೈನ್‌ಮನ್‌ಗೆ ಫೋನ್ ಮಾಡುತ್ತಾರೆ. ಅವರ ಚಡಪಡಿಕೆ ನನಗೂ ಅಂಟಿದೆ. ನನ್ನ ಪುರವಣಿ ಮಂಗಳವಾರ ಅಚ್ಚಿಗೆ ಹೋಗಬೇಕು, ಸುಕನ್ಯ ಮತ್ತೆ ಬಿದ್ದರೆ ನಾನು ಏನು ಬರೆಯಲಿ ಎಂಬ ನಾಚಿಕೆಗೆಟ್ಟ ಯೋಚನೆಯೂ ಬಂದು ಹೋಯಿತು. ಇಂಥ ಲೇಖನಗಳಲ್ಲಿ ಆಸೆ ಏನು ಎಂದು ಕೇಳುವ ಒಂದು ಪದ್ಧತಿಯಿದೆಯಲ್ಲ, ಹೊತ್ತು ಕಳೆಯಲಿ ಎಂದು ಕೇಳಿದೆ.

"ಆಸೆ ಏನು ಬುಡಿ. ವಸ ಮನೆ ಕಟ್ಟೋರು ಬಾಗ್ಲು ಒಂದು ಮೂರು ಅಡಿ ಬುಡ್ಲಿ. ಮುಂದ್ಗಡೆ ಮೆಟ್ಲು ಕಟ್ಟಿದ್ರೆ ಪಕ್ದಲ್ಲಿ ವಸಿ ಇಳಿಜಾರೂ ಕಟ್ಲಿ. ನಮ್ಮಟ್ಟೀಲಿ ಅಂಥೋರು ಯಾರೂ ಇಲ್ಲ ಅಂತಾರೆ. ಇವತ್ತು ಇಲ್ಲ. ಮುದುಕ್ರಾಗದೆ ಇರೋರು ಯಾರವ್ರೆ ಮೇಡಮ್? ಮಂಡಿ ನೋವು ಬರದೆ ಇರೋರು ಯಾರವ್ರೆ? ಎಲ್ರೂ ಮೊದ್ಲೇ ಅಂಗೆ ಕಟ್ಬುಟ್ರೆ ನನ್ ಹತ್ರ ಯಾರೂ ಬರೋದೇ ಬ್ಯಾಡ, ನಾನು ಪೈಪ್ ಮಾಡ್ಕಂಡಿರ್ತೀನಿ."

ಹನ್ನೊಂದಕ್ಕೆ ಅವರು ತಾಳ್ಮೆ ಕಳೆದುಕೊಂಡರು. ಬೆಸುಗೆ ಬೇಡ, ತೂತು ಕೊರೆದು ನಟ್ಟು ಬೋಲ್ಟಿನಲ್ಲೇ ಜೋಡಿಸುತ್ತೇನೆ ಎಂದು ಕೈಡ್ರಿಲ್ಲು ಹಿಡಿದರು. ಹದಿನಾರು ತೂತು. ರಾಧಾ ಹಳಿಯ ಮೇಲೆ ಕೂತು ಅಲುಗಾಡದಂತೆ ಅದುಮಿ ಹಿಡಿದರು. ಸಂಜೆ ನಾಲ್ಕಕ್ಕೆ ಕೊನೆಯ ತೂತು ಕೊರೆದಾಗ ಕಂಠಪ್ಪನವರ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ನಾಲ್ಕೂ ಕಾಲಿಗೆ ಕರೆಂಟು ಬಂತು. ಅವರು ಮೆಷಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ.

ಭಾನುವಾರ ಮಳೆ ನಿಂತಿದೆ. ಹೊಸ್ತಿಲ ಎರಡೂ ಕಡೆ ಹಳಿಗಳನ್ನು ಇಟ್ಟು ನೋಡುತ್ತಾರೆ. ಈಗ ಅವರ ಕಿಸೆಯಲ್ಲಿ ಸುತ್ಲಿಯ ಜೊತೆಗೆ ಉಕ್ಕಿನ ಟೇಪೂ ಇದೆ. ದಾರದಲ್ಲಿ ತೆಗೆದದ್ದನ್ನು ಟೇಪಿನಲ್ಲಿ ನೋಡುತ್ತಾರೆ, ಟೇಪಿನಲ್ಲಿ ನೋಡಿದ್ದನ್ನು ಇನ್ನೊಮ್ಮೆ ನೋಡುತ್ತಾರೆ. ನಾಲ್ಕು ವರ್ಷದಿಂದ ಇನ್ನೊಂದು ನೇಮವೂ ಸೇರಿದೆ. ಕೊನೆಯ ಅಳತೆ ತೆಗೆಯಬೇಕಾದವರು ಅದನ್ನು ಬಳಸುವವರೇ. ಸುಕನ್ಯ ಕುರ್ಚಿಯಲ್ಲಿ ಬಗ್ಗಿ ಟೇಪಿನ ಒಂದು ತುದಿಯನ್ನು ಹಳಿಗೆ ಒತ್ತಿಹಿಡಿದು, ಹೊಸ್ತಿಲಿಗೂ ಹಳಿಗೂ ನಡುವಿನ ಸಂದನ್ನು ಓದಿದರು, ಹಳಿಗೂ ಹಳಿಗೂ ನಡುವಿನ ಅಗಲ ಓದಿದರು. "ಸರಿಯಾಗಿ ಅದೆ ಕಂಠಣ್ಣ. ಬಿಗೀರಿ," ಎಂದ ಮೇಲೆಯೇ ಕಂಠಪ್ಪ ಸ್ಪಾನರು ಎತ್ತಿಕೊಂಡರು. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬರಲಿಲ್ಲ. ಆದರೆ ಒಲೆಯಲ್ಲಿ ಬೆಂಕಿಯೂ ಇರಲಿಲ್ಲ.

ಸೋಮವಾರ ಐದೂ ಇಪ್ಪತ್ತು. ತಾಯಿ ಮನಸ್ಸಿಲ್ಲದ ಮನಸ್ಸಿನಿಂದ ಟೆಂಪೊ ಹತ್ತಿ ಹೋಗಿದ್ದಾರೆ. ಬೀದಿ ಇನ್ನೂ ಮಸುಕು. ಹೊಸ್ತಿಲಿಗೆ ಅರಿಶಿನ ಬಳಿದಾಗಿದೆ, ಜಗಲಿಯ ಮೇಲೆ ಚುಕ್ಕಿ ರಂಗೋಲಿ ಬಿದ್ದಿದೆ. ರಂಗೋಲಿ ಹಳಿಗಳ ಸಾಲು ಬಿಟ್ಟುಕೊಂಡು ನಡುವೆಯೂ ಎರಡು ಪಕ್ಕದಲ್ಲೂ ಹರಡಿದೆ. ಕಂಠಪ್ಪ ಅದನ್ನು ನೋಡಿದರು, ಚರಂಡಿಯಾಚೆಯ ಆ ಹಳೇ ಕಲ್ಲಿನ ಹತ್ತಿರ ಹೋಗಿ ನಿಂತರು.

ಸುಕನ್ಯ ನಡುಮನೆಯಿಂದ ಬಂದರು, ನೀಲಿ ಚೂಡಿದಾರ, ತೊಡೆಯ ಮೇಲೆ ದೊಡ್ಡಮಾದಯ್ಯ ಹಿಂದಿನ ರಾತ್ರಿ ಕೊಟ್ಟಿದ್ದ ಡೈರಿಯ ಬೀಗದಕೈ. ಮುಂದಿನ ಗಾಲಿ ಹಳಿ ಹತ್ತಿತು. ಅರ್ಧಕ್ಕೆ ಹೋಗಿ ನಿಂತು, ಹಿಂದಕ್ಕೆ ಉರುಳಿ ನಡುಮನೆಗೆ ಇಳಿಯಿತು. ಒಳಗಿಂದ ಅಜ್ಜಿ "ಅಯ್ಯೋ ಕೂಸೇ" ಎಂದು ಎದ್ದದ್ದು ಕೇಳಿಸಿತು. ಕಂಠಪ್ಪ ಎರಡು ಹೆಜ್ಜೆ ಮುಂದೆ ಬಂದರು.

"ಯಾರೂ ಮುಟ್ಟಬ್ಯಾಡಿ," ಎಂದರು ಸುಕನ್ಯ.

ಕಂಠಪ್ಪ ನಿಂತಲ್ಲೇ ಮುಖ ತಿರುಗಿಸಿಕೊಂಡರು. ನಾನು ನೋಡುತ್ತಲೇ ಇದ್ದೆ. ಸುಕನ್ಯ ಅಂಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು, ಎದೆಯನ್ನು ಮಂಡಿಯ ಕಡೆಗೆ ಬಾಗಿಸಿ, ಚಕ್ರವನ್ನು ಒಂದೇ ಸಮನೆ ಒತ್ತಿದರು. ಮುಂದಿನ ಗಾಲಿ ಹೊಸ್ತಿಲು ದಾಟಿತು, ಹಿಂದಿನ ಗಾಲಿಯೂ ದಾಟಿತು, ಕುರ್ಚಿ ಜಗಲಿಗೆ ಇಳಿದು ಎಡಕ್ಕೆ ತಿರುಗಿತು. ಇಳಿಜಾರಿನ ಹದಿನಾಲ್ಕು ಅಡಿಗಳನ್ನು ಕಂಠಪ್ಪ ಬೆನ್ನು ಮಾಡಿ ನಿಂತೇ ಗಾಲಿಯ ಸದ್ದಿನಿಂದ ಎಣಿಸುತ್ತಿದ್ದರು, ತುಟಿ ಅಲುಗುತ್ತಿತ್ತು. ಹದಿನಾಲ್ಕಕ್ಕೆ ಸದ್ದು ಬದಲಾಯಿತು, ಕಾಂಕ್ರೀಟು ಮುಗಿದು ಬೀದಿಯ ಮಣ್ಣು ಬಂದಿತ್ತು. ಆಗ ತಿರುಗಿ ನೋಡಿದರು. ಡೈರಿಯ ಬಾಗಿಲು ತೆಗೆದಾಗ ಐದೂ ನಲವತ್ತೊಂದು. ದೊಡ್ಡಮಾದಯ್ಯ ಗಡಿಯಾರವನ್ನು ಎರಡು ಸಲ ನೋಡಿ, "ಸರಿ, ಸುರು ಮಾಡವ್ವ," ಎಂದರು.

ಆರಕ್ಕೆ ಹಾಲು ಹಾಕುವವರು ಬರತೊಡಗಿದರು. ಕಂಠಪ್ಪ ಎದುರಿನ ಕಲ್ಲಿನ ಮೇಲೆ ಕೂತಿದ್ದಾರೆ. ಐದು ದಿನದಲ್ಲಿ ಅವರು ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಇದೇ ಮೊದಲು, ಕೂತರೂ ಒಂದು ಕಾಲು ಕುಣಿಯುತ್ತಲೇ ಇದೆ. ಕ್ಯಾನು ಹಿಡಿದ ಹೆಂಗಸೊಬ್ಬರು ಮೆಟ್ಟಿಲ ಮುಂದೆ ಒಂದು ಗಳಿಗೆ ನಿಂತು ಇಳಿಜಾರಿನ ಕಡೆ ತಿರುಗಿದರು. ಅವರ ಹಿಂದೆ ಕಂಕುಳಲ್ಲಿ ಮಗುವಿದ್ದ ತಾಯಿ. ಆಮೇಲೆ ಸೈಕಲ್ಲನ್ನೇ ತಳ್ಳಿಕೊಂಡು ಒಬ್ಬರು ಮೇಲೆ ಹೋದರು. ನಾನು ಸುಮ್ಮನಿರಲಾರದೆ ಎಣಿಸಿದೆ. ಅರವತ್ತೆರಡು ಜನರಲ್ಲಿ ಮೆಟ್ಟಿಲು ಹತ್ತಿದವರು ಹದಿಮೂರು. ಹಾಲಿನ ಕಟ್ಟೆ ತಗ್ಗಿದ್ದನ್ನೂ ಯಾರೂ ಎತ್ತಿ ಆಡಲಿಲ್ಲ, ಕ್ಯಾನನ್ನು ಮೊದಲಿನಷ್ಟು ಎತ್ತಬೇಕಾಗಿರಲಿಲ್ಲ, ಅಷ್ಟೇ. ಇದನ್ನು ಮಾಡಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಹಾಲಿನ ವ್ಯಾನು ಬರುವ ಹೊತ್ತಿಗೆ ಕೊನೆಯವರಾಗಿ ಬಂದವರು ಚಿಕ್ಕಬಸಮ್ಮ. ಮಂಡಿನೋವಿಗೆ ಮೂರು ವರ್ಷದಿಂದ ಈ ಮೆಟ್ಟಿಲು ಹತ್ತಿದವರಲ್ಲವಂತೆ, ಅವರ ಮನೆಯ ಹಾಲನ್ನು ಪಕ್ಕದ ಮನೆಯವರು ತಂದು ಹಾಕುತ್ತಿದ್ದರು. ಇವತ್ತು ಚಿಕ್ಕ ಕ್ಯಾನು ಒಂದು ಕೈಯಲ್ಲಿ, ಇನ್ನೊಂದು ಕೈ ಕಂಬಿಯ ಮೇಲೆ. ಬಗ್ಗಿ ಬಗ್ಗಿ, ನಿಂತು ನಿಂತು ಹದಿನೆಂಟು ಅಡಿ ಏರಿದರು. ಸುಕನ್ಯ ಹಾಲು ತೆಗೆದು ಮೆಷಿನ್ನಿಗಿಟ್ಟು, ಬೇರೆ ಎಲ್ಲರಿಗೂ ಹೇಳಿದ ದನಿಯಲ್ಲೇ, "ಫ್ಯಾಟು ನಾಕು ಪಾಯಿಂಟ್ ಒಂದು," ಎಂದರು. ಅಜ್ಜಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಇಳಿದು ಬಂದವರು ಮನೆಯ ಕಡೆ ಹೋಗಲಿಲ್ಲ. ನೇರವಾಗಿ ಕಂಠಪ್ಪನವರ ಮುಂದೆ ಬಂದು ನಿಂತರು. ಕಂಠಪ್ಪ ಎದ್ದು ನಿಂತರು.

"ಏನ್ಲಾ ಕಂಠಪ್ಪ, ಆ ಕಂಬಿ ಯಾರ ಅಳ್ತೆಗೆ ಇಕ್ಕಿದ್ದೀಯ? ಬಗ್ಗಿ ಬಗ್ಗಿ ನನ್ ಸೊಂಟ ಬಿದ್ದೋಯ್ತು. ಕುರ್ಚೀಲಿ ಕುಂತೋರ್ಗೊಂದೇ ಇಕ್ಬುಟ್ರೆ ನಾವು ಮುದುಕ್ರು ಏನ್ಲಾ ಇಡ್ಕಳಾದು? ಅಷ್ಟೂ ಗ್ಯಾನ ಬ್ಯಾಡ್ವಾ ನಿಂಗೆ?"

"ತೆಪ್ಪಾಯ್ತು ಕಣವ್ವ," ಎಂದರು ಕಂಠಪ್ಪ. ಅಷ್ಟರಲ್ಲಿ ಅವರ ಕೈ ಕಿಸೆಗೆ ಹೋಗಿ ಸುತ್ಲಿ ತೆಗೆದಾಗಿತ್ತು. "ಒಂದ್ ಗಳ್ಗೆ ನೆಟ್ಗೆ ನಿಂತ್ಕಳವ್ವ. ಕೈ ಇಂಗೆ ಮುಂದ್ಕೆ ಚಾಚು."

ಅಜ್ಜಿ ಗೊಣಗುತ್ತಲೇ ಕೈ ಚಾಚಿದರು. ಕಂಠಪ್ಪ ನೆಲದಿಂದ ಅವರ ಅಂಗೈವರೆಗೆ ದಾರ ಹಿಡಿದು ಗಂಟು ಹಾಕಿದರು. ಟೇಪು ಬಿಚ್ಚಿ ಇನ್ನೊಮ್ಮೆ ನೋಡಿದರು. ಆಮೇಲೆ ಟೇಪಿನ ತುದಿಯನ್ನು ಅಜ್ಜಿಯ ಕೈಗೇ ಕೊಟ್ಟು, ನೀನೇ ಒಂದು ಸಲ ನೋಡು ಎಂದರು. ಅಕ್ಷರ ಬಾರದ ಅಜ್ಜಿ ಟೇಪನ್ನು ಹಿಡಿದು, ಹಳದಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಸರಿ ಅದೆ ಎಂದು ವಾಪಸ್ಸು ಕೊಟ್ಟರು. ಖಾಲಿ ಕ್ಯಾನು ತೂಗಾಡಿಸುತ್ತಾ ಮನೆಯ ಕಡೆ ನಡೆದರು.

ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಬ್ಯಾರನ್ನಿನವರು. ಕಂಠಪ್ಪ ತೆಗೆಯಲಿಲ್ಲ. ಒಂದೇ ಗಂಟಿನ ಆ ದಾರವನ್ನು ಅಂಗೈಗೆ ಸುತ್ತಿಕೊಳ್ಳುತ್ತಾ ಅಜ್ಜಿ ಹೋದ ದಾರಿಯನ್ನೇ ನೋಡುತ್ತಿದ್ದರು.

"ಬೈದ್ರು ಮೇಡಮ್," ಎಂದರು. "ನಾಕು ವರ್ಸ ಆಗಿತ್ತು."